ಅಪ್ಪನಿಗೆ ಊರು ನೆನಪಿಸಿದ ಅರ್ಮೇನಿಯಾ

ಥಾಯ್ಲೆಂಡ್, ಬಾಲಿ, ವಿಯೆಟ್ನಾಂ, ದುಬೈ. ನಮ್ಮ ಆಫೀಸಿನಲ್ಲಿ ಯಾರಾದರೂ ಒಂದು ವಾರ ರಜೆ ಹಾಕಿದರೆ ಈ ನಾಲ್ಕರಲ್ಲಿ ಒಂದು ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದು. ನಾನು ಅರ್ಮೇನಿಯಾ ಅಂದಾಗ ಒಬ್ಬರು 'ರೊಮೇನಿಯಾನಾ?' ಅಂದರು. ಇನ್ನೊಬ್ಬರು 'ಅಲ್ಲಿ ಯುದ್ಧ ಆಗ್ತಿರಲಿಲ್ವಾ?' ಅಂದರು. ಬಾಗಲಗುಂಟೆಯ ನಮ್ಮ ಪಕ್ಕದ ಮನೆ ಆಂಟಿ ಮಾತ್ರ ಒಂದೇ ಪ್ರಶ್ನೆ ಕೇಳಿದ್ದು: 'ಅಲ್ಲಿ ಅನ್ನ ಸಿಗುತ್ತಾ?' ಎಲ್ಲರಿಗಿಂತ ಉಪಯೋಗದ ಪ್ರಶ್ನೆ ಅವರದ್ದೇ. ಸಿಗುತ್ತೆ. ಆದರೆ ಅನ್ನಕ್ಕಿಂತ ಒಳ್ಳೆಯದು ಬೇರೆ ಇದೆ, ಮುಂದೆ ಹೇಳ್ತೀನಿ.

ಮೊದಲು ಭೂಪಟ. ಉತ್ತರಕ್ಕೆ ಜಾರ್ಜಿಯಾ, ಪೂರ್ವಕ್ಕೆ ಅಜರ್‌ಬೈಜಾನ್, ದಕ್ಷಿಣಕ್ಕೆ ಇರಾನ್, ಪಶ್ಚಿಮಕ್ಕೆ ಟರ್ಕಿ. ಸಮುದ್ರ ಇಲ್ಲ. ವಿಸ್ತೀರ್ಣ 29,743 ಚದರ ಕಿ.ಮೀ., ಅಂದರೆ ನಮ್ಮ ಕರ್ನಾಟಕದ ಆರನೇ ಒಂದು ಭಾಗ. ಜನಸಂಖ್ಯೆ 30 ಲಕ್ಷದ ಆಸುಪಾಸು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ದಿನಾ ನಿಂತು ಅಭ್ಯಾಸ ಇರೋರಿಗೆ ಇಡೀ ದೇಶವೇ ಖಾಲಿ ಖಾಲಿ ಅನಿಸುತ್ತೆ.

ಯಾಕೆ ಅರ್ಮೇನಿಯಾ ಅಂದರೆ ದೊಡ್ಡ ಕಾರಣವೇನೂ ಇರಲಿಲ್ಲ. ವೀಸಾ ಆನ್‌ಲೈನಲ್ಲೇ ಆಗುತ್ತೆ. ಬೆಂಗಳೂರಿನಿಂದ ಶಾರ್ಜಾಗೆ ಹೋಗಿ ಅಲ್ಲಿ ವಿಮಾನ ಬದಲಿಸಿದರೆ ರಾಜಧಾನಿ ಯೆರೆವಾನ್. ಯುರೋಪಿನಷ್ಟು ಖರ್ಚಿಲ್ಲ. ಮತ್ತೆ ನನ್ನ ಜೊತೆ ಬರೋರು ಅಪ್ಪ. ಅವರ ಮಂಡಿಗೆ ಜಾಸ್ತಿ ಹತ್ತೋದು ಇಳಿಯೋದು ಆಗಲ್ಲ, ಬಿಸಿಲು ಮೊದಲೇ ಆಗಲ್ಲ. ಹಾಗಾಗಿ 2024ರ ಸೆಪ್ಟೆಂಬರ್ ಕೊನೆಗೆ ಟಿಕೆಟ್ ಮಾಡಿದೆ. ಅಮ್ಮ ವಿಮಾನ ಹತ್ತಲ್ಲ ಅಂತ ಖಡಾಖಂಡಿತವಾಗಿ ಹೇಳಿ, ಚಟ್ನಿಪುಡಿ ಮತ್ತೆ ಅರ್ಧ ಕೆ.ಜಿ. ಕಾಫಿಪುಡಿ ಕಟ್ಟಿಕೊಟ್ಟು ಕಳಿಸಿದರು.

ಅಪ್ಪನ ಬಗ್ಗೆ ಎರಡು ಮಾತು ಹೇಳದೆ ಮುಂದಕ್ಕೆ ಹೋಗೋಕಾಗಲ್ಲ. ಅವರು ಪೀಣ್ಯದಲ್ಲಿ ಮೂವತ್ತೈದು ವರ್ಷ ಟರ್ನರ್ ಆಗಿದ್ದವರು. ಲೇತ್ ಮುಂದೆ ನಿಂತೇ ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದವರು. ಹುಟ್ಟಿದ್ದು ಹಾಸನ ಜಿಲ್ಲೆಯ ಒಂದು ಸಣ್ಣ ಊರಲ್ಲಿ. ಆ ಊರು ಈಗ ಇಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಮುಗಿಸಿದರಲ್ಲ, ಅದರ ಹಿನ್ನೀರಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಆಗ ಅಪ್ಪನಿಗೆ ಇಪ್ಪತ್ತೊಂದು ವರ್ಷ. ಎರಡು ವರ್ಷ ಬಿಟ್ಟು ಬೆಂಗಳೂರಿಗೆ ಬಂದರು. ನೀರಲ್ಲಿ ನಿಂತಿರೋ ಶೆಟ್ಟಿಹಳ್ಳಿಯ ಹಳೇ ಚರ್ಚನ್ನ ನೀವು ಇನ್‌ಸ್ಟಾಗ್ರಾಮ್‌ನಲ್ಲಿ ನೋಡೇ ಇರ್ತೀರಿ. ಅದೇ ಹಿನ್ನೀರು. ಹಾಸನಕ್ಕೆ ಮದುವೆ ಮುಂಜಿಗೆ ಅಂತ ಎಷ್ಟು ಸಲ ಹೋದರೂ ಅಪ್ಪ ಆ ದಿಕ್ಕಿಗೆ ಕಾರು ತಿರುಗಿಸಿದ್ದು ನಾನು ನೋಡಿಲ್ಲ. ಊರಿನ ವಿಷಯ ಮನೆಯಲ್ಲಿ ಮಾತಾಡಿದ್ದೂ ಕಮ್ಮಿ. 'ಮುಳುಗಿಹೋಯ್ತು ಕಣಮ್ಮ, ಏನ್ ಹೇಳೋದು' ಅಷ್ಟೇ.

ಬೀದಿ ಬೀದಿಯಲ್ಲೂ ಕುಡಿಯೋ ನೀರು

ಯೆರೆವಾನ್ ನೋಡಿದ ತಕ್ಷಣ ಕಣ್ಣಿಗೆ ಬೀಳೋದು ಬಣ್ಣ. ಕಟ್ಟಡಗಳೆಲ್ಲ ತಿಳಿಗುಲಾಬಿ, ಕಿತ್ತಳೆ, ಮಾಸಿದ ಇಟ್ಟಿಗೆ ಬಣ್ಣ. ಪೇಂಟ್ ಅಲ್ಲ, ಕಲ್ಲೇ ಹಾಗೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಟಫ್ ಅನ್ನೋ ಕಲ್ಲು ಅದು. ಊರು ಹಳೆಯದು. ಉರಾರ್ತು ದೊರೆ ಅರ್ಗಿಷ್ತಿ ಕ್ರಿ.ಪೂ. 782ರಲ್ಲಿ ಇಲ್ಲಿ ಎರೆಬುನಿ ಅನ್ನೋ ಕೋಟೆ ಕಟ್ಟಿಸಿದ ಅಂತ ಕಲ್ಲಿನ ಮೇಲೆ ಬೆಣೆಲಿಪಿಯಲ್ಲಿ ಬರೆಸಿಟ್ಟಿದ್ದಾನೆ. ಆದರೆ ಈಗ ಕಾಣೋ ನಗರಕ್ಕೆ ನಕ್ಷೆ ಹಾಕಿದ್ದು ಅಲೆಕ್ಸಾಂಡರ್ ತಮಾನಿಯನ್ ಎಂಬ ವಾಸ್ತುಶಿಲ್ಪಿ, 1924ರಲ್ಲಿ. ಅಗಲ ರಸ್ತೆ, ಮರ, ಮರದ ಕೆಳಗೆ ಬೆಂಚು, ಬೆಂಚಿನ ಮೇಲೆ ಚೆಸ್ ಆಡೋ ತಾತಂದಿರು. 2011ರಿಂದ ಇಲ್ಲಿ ಶಾಲೆಯಲ್ಲಿ ಚೆಸ್ ಕಡ್ಡಾಯ ಪಾಠ.

ಹತ್ತೇ ನಿಲ್ದಾಣದ ಒಂದು ಮೆಟ್ರೋ ಇದೆ, 1981ರದ್ದು. ಅಂದರೆ ನಮ್ಮ ಮೆಟ್ರೋಗಿಂತ ಮೂವತ್ತು ವರ್ಷ ಹಿರಿಯದು. ನಾಗಸಂದ್ರದಲ್ಲಿ ದಿನಾ ಮೆಟ್ರೋ ಹತ್ತೋ ನನಗೆ ಅದರ ಎಸ್ಕಲೇಟರ್ ಪಾತಾಳಕ್ಕೆ ಇಳಿದ ಹಾಗೆ ಅನಿಸಿತು. ಅಪ್ಪ ಮೆಟ್ಟಿಲ ಮೇಲೆ ನಿಂತು ಅದರ ಸದ್ದು ಕೇಳುತ್ತಾ 'ಬೇರಿಂಗ್ ಚೆನ್ನಾಗಿ ಮೇಂಟೇನ್ ಮಾಡಿದಾರೆ' ಅಂತ ಸರ್ಟಿಫಿಕೇಟ್ ಕೊಟ್ಟರು.

ಆದರೆ ನನಗೆ ಆ ಊರಲ್ಲಿ ತುಂಬ ಹಿಡಿಸಿದ್ದು ಪುಲ್‌ಪುಲಾಕ್. ಬೀದಿಯಲ್ಲಿ, ಪಾರ್ಕಿನಲ್ಲಿ, ಅಂಗಡಿ ಮುಂದೆ ಎಲ್ಲೆಂದರಲ್ಲಿ ಸೊಂಟದ ಎತ್ತರದ ಒಂದು ಕಲ್ಲಿನ ಕಟ್ಟೆ, ಅದರ ತಲೆಯಿಂದ ಸದಾ ಉಕ್ಕುತ್ತಿರೋ ತಣ್ಣನೆ ನೀರು. ಬಗ್ಗಿ ಬಾಯಿಟ್ಟು ಕುಡಿಯೋದು, ಬಾಟಲಿಗೆ ತುಂಬಿಸಿಕೊಳ್ಳೋದು, ಕಾಸಿಲ್ಲ. ಬೆಟ್ಟದ ಚಿಲುಮೆ ನೀರು. ಪುಲ್‌ಪುಲ್ ಅಂದರೆ ನೀರು ಉಕ್ಕೋ ಸದ್ದು, ಆಕ್ ಅಂದರೆ ಚಿಲುಮೆ. ನಾವು ಗುಳುಗುಳು ಅಂತೀವಲ್ಲ ಹಾಗೆ. ತೀರಿಹೋದವರ ನೆನಪಿಗೆ ಮನೆಯವರು ಒಂದು ಪುಲ್‌ಪುಲಾಕ್ ಕಟ್ಟಿಸೋದೂ ಉಂಟು. ನಮ್ಮ ಕಡೆ ಅರವಟ್ಟಿಗೆ ಇಡಿಸ್ತಿದ್ದರಲ್ಲ, ಅದೇ ಪುಣ್ಯ.

2024ರ ಬೇಸಿಗೆ ಬೆಂಗಳೂರಲ್ಲಿ ಹೇಗಿತ್ತು ಅಂತ ನಿಮಗೆ ಗೊತ್ತೇ ಇದೆ. ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿ ಆರು ತಿಂಗಳೂ ಆಗಿರಲಿಲ್ಲ. ಮೊದಲ ದಿನ ಅಪ್ಪ ಒಂದು ಪುಲ್‌ಪುಲಾಕ್ ಮುಂದೆ ತುಂಬ ಹೊತ್ತು ನಿಂತೇ ಇದ್ದರು. ನಲ್ಲಿ ತಿರುಪಲು ಹುಡುಕುತ್ತಿದ್ದಾರೆ ಅಂದುಕೊಂಡೆ. 'ಇದನ್ನ ನಿಲ್ಲಿಸೋದು ಹೇಗೆ?' ಅಂದರು. ನಿಲ್ಲಿಸೋ ಹಾಗಿಲ್ಲ ಅಪ್ಪಾ, ಹರೀತಾನೇ ಇರುತ್ತೆ ಅಂದೆ. ತಲೆ ಅಲ್ಲಾಡಿಸಿ ಮುಂದೆ ನಡೆದರು.

ಶನಿವಾರ ವೆರ್ನಿಸಾಜ್ ಸಂತೆಗೆ ಹೋದ್ವಿ. ಕಂಬಳಿ, ಮರದ ಚೆಸ್ ಬೋರ್ಡು, ಬೆಳ್ಳಿ ಒಡವೆ ಒಂದು ಕಡೆ. ಇನ್ನೊಂದು ಕಡೆ ಸೋವಿಯತ್ ಕಾಲದ ಹಳೇ ಸಾಮಾನು: ಕ್ಯಾಮೆರಾ, ಪದಕ, ಗಡಿಯಾರ. ನಾನು ದುದುಕ್ ನೋಡ್ತಾ ನಿಂತಿದ್ದೆ. ದುದುಕ್ ಅಂದರೆ ಏಪ್ರಿಕಾಟ್ ಮರದಲ್ಲಿ ಮಾಡೋ ಊದುವ ವಾದ್ಯ. ನಮ್ಮ ಶಹನಾಯಿ, ನಾಗಸ್ವರದ ಹಾಗೆ ಇದಕ್ಕೂ ಜೋಡಿ ಪೀಪಿ. ಆದರೆ ಅದರ ಸ್ವರ ಮದುವೆಮನೆಯದ್ದಲ್ಲ, ಯಾರೋ ಪಕ್ಕದ ಕೋಣೆಯಲ್ಲಿ ತಮ್ಮಷ್ಟಕ್ಕೆ ಹಾಡಿಕೊಳ್ಳೋ ಹಾಗಿರುತ್ತೆ. ತಿರುಗಿ ನೋಡಿದರೆ ಅಪ್ಪ ಇಲ್ಲ. ಹುಡುಕಿದರೆ ನಾಲ್ಕು ಅಂಗಡಿ ಆಚೆ, ನೆಲದ ಮೇಲೆ ಸ್ಪ್ಯಾನರು, ಡ್ರಿಲ್ ಬಿಟ್ಟು ಹರಡಿಕೊಂಡಿದ್ದ ಒಬ್ಬ ತಾತನ ಮುಂದೆ ಕೂತಿದ್ದಾರೆ. ಕೈಯಲ್ಲಿ ಒಂದು ಹಳೇ ವರ್ನಿಯರ್ ಕ್ಯಾಲಿಪರ್, ಮೇಲೆ ರಷ್ಯನ್ ಅಕ್ಷರ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ತಾತನಿಗೆ ಅದೂ ಇಲ್ಲ. ಅಪ್ಪ ದವಡೆಗಳನ್ನ ಮುಚ್ಚಿ ಬೆಳಕಿಗೆ ಹಿಡಿದು, ಸಂದು ಕಾಣ್ತಿದೆಯಾ ಅಂತ ನೋಡಿ, ಹೆಬ್ಬೆರಳು ಎತ್ತಿದರು. ತಾತ ತನ್ನ ಎಡಗೈ ತೋರಿಸಿದ. ತೋರುಬೆರಳಿನ ತುದಿ ಇರಲಿಲ್ಲ. ಅಪ್ಪ ತಮ್ಮ ಬಲಗೈ ಹೆಬ್ಬೆರಳಿನ ಹಳೇ ಗಾಯ ತೋರಿಸಿದರು. ಇಬ್ಬರೂ ನಕ್ಕರು. ಹತ್ತು ನಿಮಿಷ ಹಾಗೇ ಸನ್ನೆಯಲ್ಲೇ ಮಿಲ್ಲಿಂಗ್, ಲೇತ್, ಗ್ರೈಂಡಿಂಗ್ ಎಲ್ಲ ಮಾತಾಡಿಕೊಂಡರು. ಕ್ಯಾಲಿಪರ್ ಈಗ ನಮ್ಮ ಮನೆ ಟಿವಿ ಸ್ಟ್ಯಾಂಡಿನ ಮೇಲಿದೆ.

ಅಕ್ಷರಕ್ಕೆ ಗುಡಿ

ಯೆರೆವಾನಿನಲ್ಲಿ ಒಂದೇ ಜಾಗ ನೋಡೋಕೆ ಸಮಯ ಇದೆ ಅಂದರೆ ಮಾತೆನದರಾನ್ ನೋಡಿ. ಹಸ್ತಪ್ರತಿಗಳ ಭಂಡಾರ ಅದು. ಸುಮಾರು 23,000 ಹಸ್ತಪ್ರತಿಗಳಿವೆ. ಬಾಗಿಲಲ್ಲಿ ಮೆಸ್ರೋಪ್ ಮಾಷ್ತೋತ್ಸ್‌ನ ದೊಡ್ಡ ಪ್ರತಿಮೆ. ಕ್ರಿ.ಶ. 405ರಲ್ಲಿ ಅರ್ಮೇನಿಯನ್ ಭಾಷೆಗೆ 36 ಅಕ್ಷರ ರೂಪಿಸಿದ ಸನ್ಯಾಸಿ ಈತ. ಆಮೇಲೆ ಮೂರು ಸೇರಿ ಈಗ 39. ಒಬ್ಬ ಮನುಷ್ಯ ಕೂತು ಲಿಪಿ ಮಾಡಿದ, ಆ ಲಿಪಿಯಲ್ಲೇ ಇವತ್ತೂ ಬಸ್ಸಿನ ಬೋರ್ಡಿಂದ ಹಿಡಿದು ಫೋನಿನ ಮೆಸೇಜ್‌ವರೆಗೆ ಬರೆಯುತ್ತಾರೆ. ಅರಾಗಾತ್ಸ್ ಬೆಟ್ಟದ ತಪ್ಪಲಲ್ಲಿ ಆ 39 ಅಕ್ಷರಗಳನ್ನ ಆಳೆತ್ತರದ ಕಲ್ಲಲ್ಲಿ ಕೆತ್ತಿ ಬಯಲಲ್ಲಿ ನಿಲ್ಲಿಸಿದ್ದಾರೆ, ಲಿಪಿಗೆ 1600 ವರ್ಷ ತುಂಬಿದ್ದಕ್ಕೆ, 2005ರಲ್ಲಿ. ಮಕ್ಕಳು ತಮ್ಮ ಹೆಸರಿನ ಮೊದಲ ಅಕ್ಷರ ಹುಡುಕಿ ಅದನ್ನ ತಬ್ಬಿಕೊಂಡು ಫೋಟೋ ತೆಗೆಸಿಕೊಳ್ತಾರೆ. ನಮ್ಮ ಹಲ್ಮಿಡಿ ಶಾಸನವನ್ನ ಸುಮಾರು 450ರದ್ದು ಅಂತಾರೆ. ಹೆಚ್ಚು ಕಮ್ಮಿ ಒಂದೇ ಕಾಲ. ಹಲ್ಮಿಡಿ ಅಪ್ಪನ ಜಿಲ್ಲೆಯದ್ದೇ, ಬೇಲೂರು ತಾಲೂಕು. ಬೇಲೂರಿಗೆ ಹೋದವರಲ್ಲಿ ಎಷ್ಟು ಜನ ಹಲ್ಮಿಡಿಗೂ ಹೋಗಿ ಬಂದಿದ್ದೀವಿ ಹೇಳಿ?

ಮಾತೆನದರಾನ್ ಒಳಗೆ ಒಂದು ಭಾರೀ ಪುಸ್ತಕ ಇದೆ. ಮುಷ್ ಎಂಬ ಊರಿನ ಪ್ರವಚನಗಳ ಗ್ರಂಥ, ಸುಮಾರು 1200ರ ಕಾಲದ್ದು, ಚರ್ಮದ ಹಾಳೆ, ತೂಕ ಸುಮಾರು 28 ಕೆ.ಜಿ. 1915ರಲ್ಲಿ ಒಟ್ಟೋಮನ್ ಸಾಮ್ರಾಜ್ಯದಲ್ಲಿ ಅರ್ಮೇನಿಯನ್ನರ ನರಮೇಧ ಶುರುವಾದಾಗ, ಪ್ರಾಣ ಉಳಿಸಿಕೊಂಡು ಓಡುತ್ತಿದ್ದ ಇಬ್ಬರು ಹೆಂಗಸರಿಗೆ ಹಾಳುಬಿದ್ದ ಮಠದಲ್ಲಿ ಇದು ಸಿಕ್ಕಿತಂತೆ. ಒಬ್ಬರೇ ಹೊರೋಕೆ ಆಗದೆ ಎರಡು ಭಾಗ ಮಾಡಿ ಒಬ್ಬೊಬ್ಬರು ಒಂದೊಂದು ಹೊತ್ತರು. ಒಂದು ಭಾಗ ಅರ್ಮೇನಿಯಾ ತಲುಪಿತು, ದಾರಿಯಲ್ಲಿ ಹೂತಿಟ್ಟ ಇನ್ನೊಂದು ಭಾಗ ಆಮೇಲೆ ಬಂದು ಸೇರಿತು. ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನ ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳ್ತಾ ಇದ್ದೆ. ಅಪ್ಪ ಕೇಳಿದ್ದು ಒಂದೇ: 'ಮನೆಯಿಂದ ಏನೂ ತಗೊಂಡಿರಲಿಲ್ವಾ ಅವರು?'

ಆ ನರಮೇಧದ ಸ್ಮಾರಕ ಊರಂಚಿನ ಗುಡ್ಡದ ಮೇಲಿದೆ. ಹೆಸರು ತ್ಸಿತ್ಸೆರ್ನಾಕಾಬೆರ್ದ್, ಕಟ್ಟಿದ್ದು 1967ರಲ್ಲಿ. 44 ಮೀಟರ್ ಎತ್ತರದ ಚೂಪು ಕಂಬ, ಪಕ್ಕದಲ್ಲಿ ಒಳಮುಖವಾಗಿ ಬಾಗಿದ ಹನ್ನೆರಡು ಕಲ್ಲುಗೋಡೆ, ನಡುವೆ ಆರದ ಬೆಂಕಿ. ಸತ್ತವರು 15 ಲಕ್ಷದವರೆಗೆ ಅಂತಾರೆ. ಅಲ್ಲಿ ಯಾರೂ ಜೋರಾಗಿ ಮಾತಾಡಲ್ಲ. ನಾವೂ ಮಾತಾಡಲಿಲ್ಲ.

ಕಲ್ಲು, ಕಲ್ಲು, ಕಲ್ಲು

ಗಾರ್ನಿ ಮತ್ತು ಗೆಗಾರ್ದ್ ಒಂದೇ ದಿನದಲ್ಲಿ ಮುಗಿಯುತ್ತೆ. ಯೆರೆವಾನಿನಿಂದ ಗಾರ್ನಿ ಮೂವತ್ತು ಕಿ.ಮೀ. ಒಳಗೆ. ಆ್ಯಪ್‌ನಲ್ಲಿ ಟ್ಯಾಕ್ಸಿ ಸಿಗುತ್ತೆ, ಅಗ್ಗ. ಗಾರ್ನಿಯಲ್ಲಿ ಇರೋದು ಗ್ರೀಕ್ ಶೈಲಿಯ 24 ಕಂಬಗಳ ದೇಗುಲ, ಒಂದನೇ ಶತಮಾನದ್ದು. 1679ರ ಭೂಕಂಪದಲ್ಲಿ ಬಿದ್ದುಹೋಗಿ, 1970ರ ದಶಕದಲ್ಲಿ ಬಿದ್ದ ಕಲ್ಲುಗಳನ್ನೇ ಜೋಡಿಸಿ ಮತ್ತೆ ಎತ್ತಿದ್ದಾರೆ. ಹೊಸ ಕಲ್ಲು ಎಲ್ಲಿ ಸೇರಿಸಿದ್ದಾರೋ ಅಲ್ಲಿ ಕೆತ್ತನೆ ಮಾಡದೆ ಖಾಲಿ ಬಿಟ್ಟಿದ್ದಾರೆ, ನೋಡಿದವರಿಗೆ ಗೊತ್ತಾಗಲಿ ಅಂತ. ಆ ಪ್ರಾಮಾಣಿಕತೆ ನನಗೆ ಇಷ್ಟ ಆಯ್ತು. ದೇಗುಲ ಮಿಹ್ರ್ ಎಂಬ ಸೂರ್ಯದೇವನದ್ದು ಅಂತ ಹೇಳ್ತಾರೆ. ನಮ್ಮ ವೇದದ ಮಿತ್ರನ ಹೆಸರಿನ ಬಳಗವೇ. ಕ್ರಿ.ಶ. 301ರಲ್ಲಿ, ಸಂಪ್ರದಾಯದ ಲೆಕ್ಕದಲ್ಲಿ, ಕ್ರೈಸ್ತ ಧರ್ಮವನ್ನ ಜಗತ್ತಿನಲ್ಲೇ ಮೊದಲು ರಾಜ್ಯಧರ್ಮ ಮಾಡಿಕೊಂಡ ದೇಶ ಇದು. ಅದಕ್ಕೂ ಹಿಂದಿನ ದೇವರ ಗುಡಿ ಇದೊಂದು ಹೀಗೆ ನಿಂತಿದೆ.

ಕೆಳಗಿನ ಕಣಿವೆಗೆ ಇಳಿದರೆ ಕಲ್ಲಿನ ಷಟ್ಕೋನ ಕಂಬಗಳು ಮೇಲಿಂದ ಜೋತುಬಿದ್ದ ಹಾಗೆ ಸಾಲು ಸಾಲು. ಲಾವಾ ತಣ್ಣಗಾಗುವಾಗ ಕುಗ್ಗಿ ಬಿರಿದು ಆದದ್ದು. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಹೊಸದಲ್ಲ. ಅಲ್ಲಿ ಕಾಲಡಿ ಇರೋದು ಇಲ್ಲಿ ತಲೆ ಮೇಲಿದೆ, ಅಷ್ಟೇ.

ಗೆಗಾರ್ದ್ ಮಾತ್ರ ಬೇರೆಯೇ. ಬಾದಾಮಿ ಗುಹೆಗಳ ಹಾಗೆ ಬಂಡೆಯನ್ನೇ ಕೊರೆದು ಮಾಡಿದ ಪ್ರಾರ್ಥನಾ ಮಂದಿರಗಳು, ಹದಿಮೂರನೇ ಶತಮಾನದವು. ಒಳಗೆ ಬಂಡೆಯಿಂದಲೇ ಜಿನುಗೋ ಒಂದು ಚಿಲುಮೆ. ಮೇಲಿನ ತೂತಿನಿಂದ ಒಂದೇ ಒಂದು ಬೆಳಕಿನ ಕೋಲು. ನಾವು ಹೋದಾಗ ನಾಲ್ಕು ಹೆಂಗಸರು ನಿಂತು ಹಾಡಿದರು, ಮೈಕಿಲ್ಲ, ವಾದ್ಯ ಇಲ್ಲ. ಮುಗಿದ ಮೇಲೂ ಸ್ವಲ್ಪ ಹೊತ್ತು ಆ ಸ್ವರ ಗೋಡೆಯೊಳಗೆ ಇದ್ದ ಹಾಗಿತ್ತು. ಹೊರಗೆ ಗೋಡೆ ತುಂಬ ಖಾಚ್‌ಕಾರ್, ಅಂದರೆ ಶಿಲುಬೆ ಕೆತ್ತಿದ ನಿಲುಗಲ್ಲುಗಳು. ಲೇಸು ಹೆಣೆದ ಹಾಗೆ ಕೆತ್ತನೆ, ಒಂದರ ಹಾಗೆ ಇನ್ನೊಂದಿಲ್ಲ. ಸತ್ತವರಿಗೆ, ಗೆದ್ದ ಯುದ್ಧಕ್ಕೆ, ಕಟ್ಟಿದ ಸೇತುವೆಗೆ ಹೀಗೆ ಕಲ್ಲು ನಿಲ್ಲಿಸೋ ಪದ್ಧತಿ. ವೀರಗಲ್ಲು, ಮಾಸ್ತಿಕಲ್ಲು ನೋಡಿ ಬೆಳೆದ ಅಪ್ಪನಿಗೆ ಏನೂ ವಿವರಿಸಬೇಕಾಗಲಿಲ್ಲ.

ಕಾಣುತ್ತೆ, ಹೋಗೋಕಾಗಲ್ಲ

ಅರ್ಮೇನಿಯಾದ ಲಾಂಛನದ ನಡುವೆ ಒಂದು ಬೆಟ್ಟ ಇದೆ. ಅರಾರತ್. 5,137 ಮೀಟರ್, ಸದಾ ಹಿಮ. ಅವರು ಪ್ರೀತಿಯಿಂದ ಮಾಸಿಸ್ ಅಂತಾರೆ. ಬ್ರಾಂಡಿಗೆ, ಹೋಟೆಲಿಗೆ, ಫುಟ್‌ಬಾಲ್ ಕ್ಲಬ್ಬಿಗೆ ಎಲ್ಲಕ್ಕೂ ಅದೇ ಹೆಸರು. ಆದರೆ ಬೆಟ್ಟ ಅರ್ಮೇನಿಯಾದಲ್ಲಿಲ್ಲ! ಟರ್ಕಿಯಲ್ಲಿದೆ. 1921ರ ಕಾರ್ಸ್ ಒಪ್ಪಂದದಲ್ಲಿ ಗಡಿ ಆ ಕಡೆಗೆ ಗಟ್ಟಿಯಾಯಿತು. 1993ರಿಂದ ಗಡಿ ಮುಚ್ಚಿದೆ. ಯೆರೆವಾನಿನ ಯಾವ ಮಹಡಿ ಹತ್ತಿದರೂ ಎದುರಿಗೇ ಕಾಣುತ್ತೆ, ಮುಟ್ಟಬಹುದು ಅನ್ನೋ ಹಾಗೆ.

ತೀರಾ ಹತ್ತಿರದಿಂದ ನೋಡೋಕೆ ಖೋರ್ ವಿರಾಪ್ ಮಠಕ್ಕೆ ಹೋಗಬೇಕು, ಸುಮಾರು 40 ಕಿ.ಮೀ. ಹೆಸರಿನ ಅರ್ಥ ಆಳದ ಗುಂಡಿ. ಸಂತ ಗ್ರೆಗರಿಯನ್ನ ರಾಜ ಹದಿಮೂರು ವರ್ಷ ಕೂಡಿ ಹಾಕಿದ್ದ ಗುಂಡಿ ಅಂತ ನಂಬಿಕೆ. ಕಬ್ಬಿಣದ ಏಣಿ ಇಳಿದು ನಾನು ಒಳಗೆ ಹೋಗಿ ಬಂದೆ, ಐದು ನಿಮಿಷಕ್ಕೆ ಉಸಿರು ಕಟ್ಟಿತು. ಅಪ್ಪ ಇಳಿಯಲಿಲ್ಲ, ಹೊರಗಿನ ಗೋಡೆ ಹತ್ತಿರ ನಿಂತಿದ್ದರು. ಕೆಳಗೆ ದ್ರಾಕ್ಷಿ ತೋಟ, ಅದರಾಚೆ ಗಡಿಯ ಬೇಲಿ, ಅದರಾಚೆ ಬೆಟ್ಟ. ಪಕ್ಕದಲ್ಲಿ ಅಮೆರಿಕದಿಂದ ಬಂದಿದ್ದ ಒಂದು ಅರ್ಮೇನಿಯನ್ ಕುಟುಂಬ. ಅವರ ಅಜ್ಜಿ ಬೆಟ್ಟದ ಕಡೆ ಕೈ ತೋರಿಸಿ ಮೊಮ್ಮಕ್ಕಳಿಗೆ ಏನೋ ಹೇಳುತ್ತಿದ್ದರು.

'ಏನಂತೆ?' ಅಂದರು ಅಪ್ಪ. ಅವರ ಮನೆತನದವರು ಆ ಕಡೆಯವರಂತೆ, ಈಗ ಊರು ಆಚೆ ಇದೆಯಂತೆ ಅಂದೆ.

'ಇವರಿಗೆ ಕಾಣೋದಾದರೂ ಕಾಣುತ್ತೆ' ಅಂದರು.

ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಶುರು ಮಾಡಿದರು. ಹೆಂಚು ಇಳಿಸಿದ್ದು, ತೊಲೆ ಬಿಚ್ಚಿದ್ದು, ಬಾಗಿಲವಾಡವನ್ನ ಇಡಿಯಾಗಿ ಎತ್ತಿನಗಾಡಿ ಮೇಲೆ ಹಾಕಿಕೊಂಡು ಹೊಸ ಊರಿಗೆ ಹೋಗಿದ್ದು. ಅಜ್ಜಿ ಮಾತ್ರ ಒಲೆ ಬಿಟ್ಟು ಏಳಲಿಲ್ಲವಂತೆ. ಮಣ್ಣಿನ ಒಲೆ, ಅದನ್ನ ಕಿತ್ತು ತರೋಕಾಗಲ್ಲವಲ್ಲ. ಇಷ್ಟು ವರ್ಷದಲ್ಲಿ ನಾನು ಇದನ್ನೆಲ್ಲ ಕೇಳಿದ್ದು ಅದೇ ಮೊದಲು, ಟರ್ಕಿ ಗಡಿಯ ಒಂದು ಗೋಡೆ ಪಕ್ಕ.

ನಾವು ಉಳಿದುಕೊಂಡಿದ್ದ ಮನೆಯ ವಿಷಯ ಇಲ್ಲೇ ಹೇಳಬೇಕು. ಹೋಟೆಲ್ ಅಲ್ಲ, ಒಂದು ಹಳೇ ಅಪಾರ್ಟ್‌ಮೆಂಟಿನ ರೂಮು. ಅಡುಗೆ ಮಾಡಿಕೊಡುತ್ತಿದ್ದ ಅಜ್ಜಿ ನಾಗೋರ್ನೊ ಕರಾಬಖ್‌ನವರು. 2023ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ಆ ಪ್ರದೇಶವನ್ನ ಪೂರ್ತಿ ವಶಕ್ಕೆ ತೆಗೆದುಕೊಂಡಾಗ ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಮನೆ ಬಿಟ್ಟು ಬಂದರು. ಇವರೂ ಅವರಲ್ಲಿ ಒಬ್ಬರು. ನಾವು ಹೋದಾಗ ಸರಿಯಾಗಿ ಒಂದು ವರ್ಷ ಆಗಿತ್ತು. ಈ ಜಗಳದಲ್ಲಿ ಎರಡೂ ಕಡೆಯವರು ಮನೆ ಕಳೆದುಕೊಂಡಿದ್ದಾರೆ, ತೊಂಬತ್ತರ ದಶಕದಲ್ಲಿ ಅಜರ್‌ಬೈಜಾನಿಗಳೂ ಲಕ್ಷಗಟ್ಟಲೆ ಊರು ಬಿಟ್ಟಿದ್ದರು. ಆ ಅಜ್ಜಿ ರಾಜಕೀಯ ಮಾತಾಡಲಿಲ್ಲ, ಜಿಂಗ್ಯಾಲೋವ್ ಹಾತ್ಸ್ ಮಾಡಿದರು.

ಆಂಟಿಯ ಪ್ರಶ್ನೆಗೆ ನನ್ನ ಉತ್ತರ ಇದೇ ತಿಂಡಿ. ಹತ್ತಾರು ಬಗೆಯ ಸೊಪ್ಪು ಸಣ್ಣಗೆ ಹೆಚ್ಚಿ, ಉಪ್ಪು ಎಣ್ಣೆ ಹಾಕಿ, ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಒಳಗೆ ತುಂಬಿ ಕಾವಲಿ ಮೇಲೆ ಬೇಯಿಸೋದು. ನಮ್ಮ ಬೆರಕೆ ಸೊಪ್ಪನ್ನ ಹೋಳಿಗೆಯೊಳಗೆ ಇಟ್ಟ ಹಾಗೆ. ಜೊತೆಗೆ ತಾನ್, ಅಂದರೆ ಉಪ್ಪು ಹಾಕಿದ ಮಜ್ಜಿಗೆ! ಅಪ್ಪ ಸೋಮವಾರ, ಶನಿವಾರ ಮಾಂಸ ಮುಟ್ಟಲ್ಲ. ಆ ಎರಡು ದಿನ ಇದೇ ಊಟ. ಬೇರೆ ದಿನ ಕೆಂಡದ ಮೇಲೆ ಸುಟ್ಟ ಖೊರೊವಾತ್ಸ್ ಇತ್ತು, ಅದನ್ನೂ ಬಿಡಲಿಲ್ಲ. ಲವಾಶ್ ಅಂತೂ ಎಲ್ಲದಕ್ಕೂ ಇರುತ್ತೆ. ನೆಲದಲ್ಲಿ ಹೂತ ಮಣ್ಣಿನ ಒಲೆ ತೊನಿರ್, ಅದರ ಒಳಗೋಡೆಗೆ ದಿಂಬಿನಂಥ ಹಲಗೆಯಿಂದ ಹಿಟ್ಟಿನ ಹಾಳೆ ರಪ್ ಅಂತ ಬಡಿದು ಅರ್ಧ ನಿಮಿಷಕ್ಕೆ ಎತ್ತುತ್ತಾರೆ. ಒಣಗಿಸಿಟ್ಟರೆ ನಮ್ಮ ಉತ್ತರ ಕರ್ನಾಟಕದ ಕಡಕ್ ರೊಟ್ಟಿ ಹಾಗೆ ತಿಂಗಳುಗಟ್ಟಲೆ ಇರುತ್ತೆ. ನೀರು ಚಿಮುಕಿಸಿದರೆ ಮತ್ತೆ ಮೆತ್ತಗೆ.

ಕೊನೆಗೆ ಕಾಫಿ. ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆಯಲ್ಲಿ ಕುದಿಸಿ, ಗಸಿ ಸಮೇತ ಸಣ್ಣ ಬಟ್ಟಲಿಗೆ. ಮನೆ ಬಿಡುವಾಗ ಒಲೆ ಮೇಲೆ ಇದ್ದದ್ದು ಅದೊಂದೇ ಪಾತ್ರೆ, ಅದನ್ನೇ ಚೀಲಕ್ಕೆ ಹಾಕಿಕೊಂಡು ಬಂದೆ ಅಂತ ಅಜ್ಜಿ ಹೇಳಿದ್ದನ್ನ ಕಾಲೇಜು ಓದುತ್ತಿದ್ದ ಅವರ ಮೊಮ್ಮಗಳು ನಮಗೆ ಇಂಗ್ಲಿಷಿನಲ್ಲಿ ಹೇಳಿದಳು. ಅಪ್ಪ ರೂಮಿಗೆ ಎದ್ದು ಹೋಗಿ ಅಮ್ಮ ಕಟ್ಟಿಕೊಟ್ಟಿದ್ದ ಕಾಫಿಪುಡಿ ತಂದರು. ಚಿಕೋರಿ ಬೆರೆತ ನಮ್ಮ ಪುಡಿ ಆ ತಾಮ್ರದ ಪಾತ್ರೆಯಲ್ಲಿ ಕುದ್ದು, ಹಾಲಿಲ್ಲದೆ, ನಿಜ ಹೇಳಬೇಕೆಂದರೆ ಅಷ್ಟೇನೂ ಚೆನ್ನಾಗಿರಲಿಲ್ಲ. ಎಲ್ಲರೂ ಪೂರ್ತಿ ಕುಡಿದ್ವಿ. ಅಪ್ಪನ ಊರು ನೀರಲ್ಲಿದೆ ಅಂತ ಮೊಮ್ಮಗಳ ಮೂಲಕ ಹೇಳಿಸಿದೆ. ಅಜ್ಜಿ ಅಪ್ಪನ ಕೈ ಮೇಲೆ ಕೈಯಿಟ್ಟು 'ತ್ಸಾವದ್ ತಾನೆಮ್' ಅಂದರು. ನಿನ್ನ ನೋವು ನಾನು ತಗೊಳ್ತೀನಿ ಅಂತ ಅರ್ಥ. ಅವರಲ್ಲಿ ಇದು ದಿನನಿತ್ಯದ ಮಾತು, ಮಕ್ಕಳಿಗೂ ಅಂಗಡಿಯವರಿಗೂ ಅಂತಾರೆ. ನಮ್ಮ ಅಜ್ಜಿಯರು ಕೆನ್ನೆ ಸವರಿ ನೆಟಿಕೆ ಮುರಿಯೋ ಹಾಗೆ. ಅಪ್ಪನಿಗೆ ಅನುವಾದ ಮಾಡಿ ಹೇಳಿದೆ. 'ಗೊತ್ತಾಯ್ತು' ಅಂದರು.

ಸೆವಾನ್

ಕೊನೆಗೆ ಉಳಿದದ್ದು ಸೆವಾನ್ ಸರೋವರ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಮೇಲೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿ, 1,200 ಚದರ ಕಿ.ಮೀ.ಗೂ ಹೆಚ್ಚು ಹರಡಿದ ನೀರು. ನೀಲಿ ಅಂದರೆ ಅಂಥ ನೀಲಿ. ದಡದ ದಿಬ್ಬದ ಮೇಲೆ ಕಪ್ಪು ಕಲ್ಲಿನ ಎರಡು ಸಣ್ಣ ಚರ್ಚು, 874ರದ್ದು. ಅದು ಮೊದಲು ದ್ವೀಪ ಆಗಿತ್ತು, ದೋಣಿಯಲ್ಲೇ ಹೋಗಬೇಕಿತ್ತು. ಸೋವಿಯತ್ ಕಾಲದಲ್ಲಿ ನೀರಾವರಿಗೂ ವಿದ್ಯುತ್ತಿಗೂ ಅಂತ ನೀರು ಹರಿಸಿ ಹರಿಸಿ ಸರೋವರದ ಮಟ್ಟ ಸುಮಾರು 20 ಮೀಟರ್ ಇಳಿದುಹೋಯಿತು. ದ್ವೀಪ ಹೋಗಿ ದಡಕ್ಕೆ ಅಂಟಿಕೊಂಡಿತು. ಆಮೇಲೆ ಭಯ ಹುಟ್ಟಿ, ಅರ್ಪಾ ನದಿಯಿಂದ ನೀರು ತರೋಕೆ ಬೆಟ್ಟದೊಳಗೆ ಸುಮಾರು 49 ಕಿ.ಮೀ. ಸುರಂಗ ಕೊರೆದು 1981ರಲ್ಲಿ ಮುಗಿಸಿದರು. ಈಗ ಸ್ವಲ್ಪ ಏರಿದೆ, ಮೊದಲಿನಷ್ಟಿಲ್ಲ.

ಇದನ್ನೆಲ್ಲ ಹೇಳಿದ್ದು ನಮ್ಮ ಟ್ಯಾಕ್ಸಿಯವರು. ಅವರ ತಾತ ದೋಣಿಯಲ್ಲಿ ಹೋಗ್ತಿದ್ದರಂತೆ. ಅಪ್ಪ ದಿಬ್ಬಕ್ಕೆ ಹತ್ತಲಿಲ್ಲ, ಕೆಳಗೆ ಕಲ್ಲಿನ ಮೇಲೆ ಕೂತು ನೀರು ನೋಡ್ತಿದ್ದರು. 'ಇವರದ್ದು ಇಳೀತು, ನಮ್ಮದು ಏರ್ತು. ಎರಡಕ್ಕೂ ಕಾರಣ ಒಂದೇ, ಹೊಲಕ್ಕೆ ನೀರು, ಕರೆಂಟು' ಅಂದರು. ಸಿಟ್ಟಿನಿಂದಲ್ಲ. ಹೇಮಾವತಿ ನೀರಲ್ಲಿ ಮಂಡ್ಯ, ತುಮಕೂರಿನವರ ಹೊಲ ಹಸಿರಾಗಿದ್ದನ್ನೂ ಅವರು ನೋಡಿದ್ದಾರೆ. ನದಿ ಕೊನೆಗೆ ಕೆಆರ್‌ಎಸ್ ಹಿನ್ನೀರಲ್ಲಿ ಕಾವೇರಿ ಸೇರುತ್ತೆ, ಆ ಕಾವೇರಿ ಬೆಂಗಳೂರಿನ ನಲ್ಲಿಗೆ ಬರುತ್ತೆ. 'ನಮ್ಮೂರ ಮೇಲೆ ಹರಿದ ನೀರೇ ಬಾಗಲಗುಂಟೇಲೂ ಕುಡೀತಿದೀನಿ' ಅಂತ ನಕ್ಕರು. ಈ ಲೆಕ್ಕ ಅವರು ಯಾವತ್ತು ಹಾಕಿಟ್ಟಿದ್ದರೋ.

ಹೋಗೋರಿಗೆ ಕೆಲವು ಮಾತು. ಮೇ, ಜೂನ್ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೇ ಕಾಲ. ಅರಾರತ್ ಬೆಳಿಗ್ಗೆ ಬೇಗ ಚೆನ್ನಾಗಿ ಕಾಣುತ್ತೆ, ಮಧ್ಯಾಹ್ನ ಮಬ್ಬಾಗುತ್ತೆ. ಅಲ್ಲಿನ ದುಡ್ಡು ದ್ರಾಮ್, ನಾವು ಹೋದಾಗ ಒಂದು ರೂಪಾಯಿಗೆ ನಾಲ್ಕೂವರೆ ಹತ್ತಿರ ಇತ್ತು. ಎಂಟು ದಿನಕ್ಕೆ ಇಬ್ಬರಿಗೂ ಸೇರಿ, ವಿಮಾನ ಎಲ್ಲ ಹಿಡಿದು, ಒಂದು ಲಕ್ಷ ಅರವತ್ತು ಸಾವಿರ ಆಯ್ತು. ಧನ್ಯವಾದಕ್ಕೆ ಅವರ ಪದ ಶ್ನೊರಹಕಲುತ್ಯುನ್. ಕಷ್ಟ ಅನಿಸಿದರೆ ಬೇಜಾರಿಲ್ಲ, ಅಲ್ಲಿನವರೇ 'ಮೆರ್ಸಿ' ಅಂತ ಮುಗಿಸ್ತಾರೆ.

ಅಷ್ಟು ದೂರ ಆಗಲ್ಲ ಅನ್ನೋರು ಚೆನ್ನೈಗೆ ಹೋದಾಗ ಪ್ಯಾರಿಸ್ ಹತ್ತಿರದ ಅರ್ಮೇನಿಯನ್ ಸ್ಟ್ರೀಟ್‌ಗೆ ಹೋಗಿ. 1772ರ ಅರ್ಮೇನಿಯನ್ ಚರ್ಚ್ ಇದೆ, ಗದ್ದಲದ ಬೀದಿಯಲ್ಲಿ ಒಂದು ಬಾಗಿಲು ದಾಟಿದರೆ ಸಂಪಿಗೆ ಮರ, ನೆಲದಲ್ಲಿ ಅರ್ಮೇನಿಯನ್ ಅಕ್ಷರದ ಸಮಾಧಿಕಲ್ಲುಗಳು. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' ಅಚ್ಚಾಗಿದ್ದು ಯೆರೆವಾನಿನಲ್ಲಲ್ಲ, 1794ರಲ್ಲಿ ಮದ್ರಾಸಿನಲ್ಲಿ. ಅದನ್ನ ತಂದ ಪಾದ್ರಿ ಹರುತ್ಯುನ್ ಶ್ಮಾವೊನಿಯನ್ ಸಮಾಧಿ ಅಲ್ಲೇ ಇದೆ. ಇನ್ನೊಬ್ಬ ವ್ಯಾಪಾರಿ ಶಾಹಮೀರ್ ಶಾಹಮೀರಿಯನ್, ಅರ್ಮೇನಿಯಾ ಅನ್ನೋ ಸ್ವತಂತ್ರ ದೇಶವೇ ಇಲ್ಲದ ಹದಿನೆಂಟನೇ ಶತಮಾನದಲ್ಲಿ ಮದ್ರಾಸಿನಲ್ಲಿ ಕೂತು ಆ ದೇಶಕ್ಕೊಂದು ಸಂವಿಧಾನ ಅಚ್ಚು ಹಾಕಿಸಿದ. ದೇಶ ಆಮೇಲೆ ಬಂತು. ಈಗಿನ ಗಣರಾಜ್ಯ ಸ್ವತಂತ್ರ ಆದದ್ದು 1991ರಲ್ಲಿ.

ಈ ವರ್ಷ ಏಪ್ರಿಲ್‌ನಲ್ಲಿ ಹಾಸನದಲ್ಲಿ ಚಿಕ್ಕಪ್ಪನ ಮಗಳ ಮದುವೆ ಇತ್ತು. ಊಟ ಮುಗಿಸಿ ಕಾರು ಹತ್ತುವಾಗ ಅಪ್ಪ ತಾವಾಗೇ 'ಶೆಟ್ಟಿಹಳ್ಳಿ ಕಡೆ ತಿರುಗಿಸು' ಅಂದರು. ಅಮ್ಮ ನನ್ನ ಮುಖ ನೋಡಿದರು. ಚರ್ಚ್ ಹತ್ತಿರ ಹುಡುಗ ಹುಡುಗಿಯರು ಪ್ರಿವೆಡ್ಡಿಂಗ್ ಫೋಟೋ ತೆಗೆಸಿಕೊಳ್ತಿದ್ದರು. ಅಪ್ಪ ಅದನ್ನ ದಾಟಿ ನೀರಿನ ಅಂಚಿಗೆ ಹೋಗಿ, ಎಡಕ್ಕೆ ಒಂದು ಗುಡ್ಡ, ಬಲಕ್ಕೆ ಒಂದು ಗುಡ್ಡ ನೋಡಿ, ಕೈ ಚಾಚಿ ಗೆರೆ ಹಾಕಿದ ಹಾಗೆ ತೋರಿಸಿದರು. 'ಅಲ್ಲಿ. ಅರಳೀಕಟ್ಟೆ ಅಲ್ಲಿ, ನಮ್ಮ ಮನೆ ಅದರಿಂದ ಮೂರನೇದು.' ನೀರು ಇನ್ನೂ ಅಷ್ಟು ಇಳಿದಿರಲಿಲ್ಲ, ಏನೂ ಕಾಣಲಿಲ್ಲ. ಮೇ ಕೊನೆಗೆ, ಮಳೆಗೆ ಮೊದಲು ಬಂದರೆ ಕಟ್ಟೆ ಕಲ್ಲು ಕಾಣಬಹುದು ಅಂದರು.